ಮದುವೆ ಮನೆಯಲ್ಲಿ ಮೂಲೆ ಹುಡುಕುವವರು ಮೈಕ್ ಮುಂದೆ ಗೆಲ್ಲಬಹುದಾ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಕ ಕೃಷಿ ಅಧಿಕಾರಿ. ವಯಸ್ಸು 31. ಮೊದಲಿಂದಲೂ ಮಾತು ಕಡಿಮೆ. ಮದುವೆಗೆ ಹೋದರೂ ಫ್ಯಾನ್ ಕೆಳಗಿನ ಮೂಲೆ ಕುರ್ಚಿ ಹುಡುಕುವವಳು. ಮುಂಗಾರಿಗೆ ಮುಂಚೆ ನಡೆಯುವ ತರಬೇತಿಯಲ್ಲಿ ಸುಮಾರು 200 ರೈತರ ಮುಂದೆ ಗೋವಿನಜೋಳದ ಸೈನಿಕ ಹುಳುವಿನ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಎಂದು ಮೇಲಧಿಕಾರಿ ಈ ಸಲ ನನಗೇ ಹೇಳಿದ್ದಾರೆ. ಮೈಕ್ ಸಿಕ್ಕರೆ ಸಾಕು ಎನ್ನುವ ಸಹೋದ್ಯೋಗಿಯೊಬ್ಬರು ನಮ್ಮಲ್ಲಿದ್ದಾರೆ. ಅವರಿಗೇ ಬಿಟ್ಟುಕೊಡಲಾ? ನನ್ನಂಥ ಅಂತರ್ಮುಖಿಗಳು ಒಳ್ಳೆಯ ಭಾಷಣ ಮಾಡಲು ನಿಜವಾಗಿಯೂ ಸಾಧ್ಯವಾ, ಅಥವಾ ಸುಮ್ನೆ ಧೈರ್ಯ ತುಂಬಲು ಹಾಗೆ ಹೇಳ್ತಾರಾ? ಬರೆದಿಟ್ಟುಕೊಂಡ ಭಾಷಣವನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ಬಿಟ್ಟುಕೊಡಬೇಡಿ. ನೀವೇ ಮಾತಾಡಿ.

ಇದು ಬರೀ ಧೈರ್ಯದ ಮಾತಲ್ಲ. ಜನರಿಗೆ ಭಾಷಣ ಕಲಿಸುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಮೊದಲ ದಿನದ ತರಗತಿಯಲ್ಲಿ ಎದ್ದು ಕಾಣುವವರು ಪಟಪಟ ಮಾತಾಡುವವರು. ಆರು ತಿಂಗಳಾದ ಮೇಲೆ ‘ಇವರು ಇನ್ನೂ ಸ್ವಲ್ಪ ಮಾತಾಡಲಿ’ ಅನಿಸುವವರು ಬಹುಪಾಲು ಹಿಂದಿನ ಬೆಂಚಿನವರು. ಮೊದಮೊದಲು ನನಗೂ ಇದು ಸೋಜಿಗವೇ ಆಗಿತ್ತು.

ಮೊದಲು ಒಂದು ಗಂಟು ಬಿಡಿಸೋಣ. ಅಂತರ್ಮುಖಿಯಾಗಿರುವುದು, ನಾಚಿಕೆ, ಸಭಾಕಂಪ, ಈ ಮೂರನ್ನೂ ನಾವು ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನಪ್ರಿಯ ಮಾಡಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಅವರ ಲೆಕ್ಕದಲ್ಲಿ ಅಂತರ್ಮುಖಿ ಎಂದರೆ ಗಮನ ಒಳಗಡೆಗೆ ಜಾಸ್ತಿ ಹರಿಯುವವರು, ಅಷ್ಟೆ. ಅದರಲ್ಲಿ ಹೆದರಿಕೆಯ ಮಾತಿಲ್ಲ. ನಾಚಿಕೆ ಬೇರೆ. ಅದು ‘ಜನ ಏನಂದುಕೊಳ್ಳುತ್ತಾರೋ’ ಎಂಬ ಅಳುಕು. ಸಭಾಕಂಪ ಇನ್ನೂ ಬೇರೆ. ಅದು ನಾಲ್ಕು ಜನರ ಮುಂದೆ ನಿಂತಾಗ ಮೈಗೆ ಬರುವ ನಡುಕ. ಇಡೀ ಬಸ್ಸನ್ನು ನಗಿಸುವವರಿಗೂ ಬರುತ್ತದೆ.

ಮುಚ್ಚಿಡುವುದು ಬೇಡ. ಒಟ್ಟಾರೆ ನೋಡಿದರೆ ವೇದಿಕೆಯ ಭಯ ಅಂತರ್ಮುಖಿಗಳಿಗೆ ಸ್ವಲ್ಪ ಜಾಸ್ತಿಯೇ. ಆದರೆ ಭಯ ಎಷ್ಟಿದೆ ಎನ್ನುವುದೂ ಮಾತು ಎಷ್ಟು ಚೆನ್ನಾಗಿ ಬಂತು ಎನ್ನುವುದೂ ಎರಡು ಬೇರೆ ಲೆಕ್ಕ. ಭಯವೇ ಇಲ್ಲದವರ ಭಾಷಣ ಕೇಳಿದ್ದೀರಲ್ಲ? ‘ಎರಡೇ ಮಾತು ಹೇಳಿ ಮುಗಿಸ್ತೀನಿ’ ಎಂದು ಶುರು ಮಾಡಿ ನಲವತ್ತು ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲಿ ಊಟದ ಹಾಲ್‌ನಿಂದ ಸಾರಿನ ವಾಸನೆ ಬಂದಿರುತ್ತದೆ.

ಈಗ ನಿಮ್ಮ ಮದುವೆ ಮನೆಗೆ ಬರೋಣ. ಅಲ್ಲಿ ನಿಮಗೆ ಸುಸ್ತಾಗುವುದು ಯಾಕೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಯಾರು ಬಂದು ಮಾತಾಡಿಸುತ್ತಾರೋ ಗೊತ್ತಿಲ್ಲ. ಮಾತು ಎತ್ತ ಹೋಗುತ್ತದೋ ಗೊತ್ತಿಲ್ಲ. ನೀವು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ನಡುವೆ ಬಂದಿರುತ್ತಾರೆ. ಯಾವುದೋ ಅತ್ತೆ ‘ನಮಗೆ ಯಾವಾಗ ಊಟ ಹಾಕಿಸ್ತೀಯವ್ವಾ’ ಎಂದು ಎಲ್ಲರೆದುರು ಕೇಳುತ್ತಾರೆ. ನಗಬೇಕೋ ಉತ್ತರ ಹೇಳಬೇಕೋ ತಿಳಿಯುವುದಿಲ್ಲ. ಎದ್ದು ಹೋಗಲು ನೆಪ ಬೇರೆ ಹುಡುಕಬೇಕು.

ವೇದಿಕೆಯಲ್ಲಿ ಇದು ಯಾವುದೂ ಇಲ್ಲ. ವಿಷಯ ಮೊದಲೇ ಗೊತ್ತು. ಸಮಯ ಗೊತ್ತು. ಅರ್ಧ ಗಂಟೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ‘ನಮಸ್ಕಾರ’ ಎಂದು ಹೇಳಿ ಇಳಿಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನು ಭಾಷಣದ ದೊಡ್ಡ ಪಾಲು ಕೆಲಸ ಮನೆಯಲ್ಲಿ, ರಾತ್ರಿ ಊಟವಾದ ಮೇಲೆ, ಒಬ್ಬರೇ ಕೂತು ಮಾಡುವಂಥದ್ದು. ಕೊನೆಯ ಅರ್ಧ ಗಂಟೆ ಮಾತ್ರ ಜನರ ಎದುರು. ಹಾಗಾಗಿ ನಾನು ಭಾಷಣವನ್ನು ಹರಟೆಯ ಪಕ್ಕ ಇಡುವುದಿಲ್ಲ, ಪತ್ರ ಬರೆಯುವುದರ ಪಕ್ಕ ಇಡುತ್ತೇನೆ. ಹರಟೆ ನಿಮ್ಮ ಸಹೋದ್ಯೋಗಿಯ ಮೈದಾನ. ಭಾಷಣ ಒಂಟಿ ಕೆಲಸ, ನಿಮ್ಮಂಥವರ ಮೈದಾನ. ಎರಡರಲ್ಲೂ ಬಾಯಿ ಬಳಸುತ್ತೇವೆ, ಅದಕ್ಕೇ ಒಂದೇ ಎಂದು ಮೋಸ ಹೋಗುತ್ತೇವೆ.

ಗಾಂಧೀಜಿ ನಾಚಿಕೆ ಸ್ವಭಾವದವರು ಎನ್ನುವುದು ಎಲ್ಲರೂ ಹೇಳುವ ಕಥೆ. ನನಗೆ ಆಸಕ್ತಿ ಇರುವುದು ಅವರು ಎಲ್ಲಿ ಸೋತರು, ಎಲ್ಲಿ ಗೆದ್ದರು ಎನ್ನುವುದರಲ್ಲಿ. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲಂಡನ್ ಬಿಡುವ ಮುಂಚೆ ಸಸ್ಯಾಹಾರಿ ಗೆಳೆಯರಿಗೆ ಒಂದು ಔತಣ ಕೊಟ್ಟರು. ಅಲ್ಲಿ ತಮಾಷೆಯಾಗಿ ಮಾತು ಶುರು ಮಾಡೋಣ ಎಂದು, ಎಲ್ಲೋ ಓದಿದ ಒಂದು ಕಥೆಯನ್ನು ನೆನಪಿಟ್ಟುಕೊಂಡು ಹೋದರು. ಎದ್ದು ನಿಂತರು. ಮೊದಲ ವಾಕ್ಯ ದಾಟಿ ಮುಂದೆ ಏನೂ ಹೊಳೆಯಲಿಲ್ಲ. ಬಂದವರಿಗೆ ಥ್ಯಾಂಕ್ಸ್ ಹೇಳಿ ಕೂತುಬಿಟ್ಟರು. ಊರಿಗೆ ಬಂದ ಮೇಲೆ ಮುಂಬೈನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು. ಸಾಕ್ಷಿಯನ್ನು ಪಾಟಿ ಸವಾಲು ಮಾಡಬೇಕು. ತಲೆ ತಿರುಗಿತು, ಒಂದು ಪ್ರಶ್ನೆಯೂ ಬರಲಿಲ್ಲ. ತೆಗೆದುಕೊಂಡಿದ್ದ 30 ರೂಪಾಯಿ ಫೀಸು ವಾಪಸ್ ಕೊಟ್ಟು ಹೊರಟುಹೋದರು.

1893ರಲ್ಲಿ ಅದೇ ಮನುಷ್ಯ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯ ವ್ಯಾಪಾರಿಗಳ ಸಭೆ ಸೇರಿಸಿ ಮಾತಾಡಿದರು. ವ್ಯಾಪಾರದಲ್ಲಿ ಸತ್ಯ ನಡೆಯುತ್ತದಾ ಎನ್ನುವುದು ವಿಷಯ. ಚೆನ್ನಾಗಿ ತಯಾರಾಗಿ ಹೋಗಿದ್ದರು. ಅದನ್ನು ಅವರು ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಕರೆದುಕೊಂಡರು. ನಡುವೆ ಕಳೆದದ್ದು ಎರಡೇ ವರ್ಷ. ಅಷ್ಟರಲ್ಲಿ ಸ್ವಭಾವ ಬದಲಾಗಿತ್ತಾ? ನನಗೆ ಹಾಗನಿಸುವುದಿಲ್ಲ. ಲಂಡನ್ನಿನಲ್ಲಿ ಇದ್ದದ್ದು ಎರವಲು ತಂದ ಜೋಕು. ಮುಂಬೈಯಲ್ಲಿ ಇದ್ದದ್ದು ಎದುರಿನವರ ಮಾತಿಗೆ ತಕ್ಷಣ ಮಾತು ಹೊಂದಿಸುವ ಕೆಲಸ. ಪ್ರಿಟೋರಿಯಾದಲ್ಲಿ ಇದ್ದದ್ದು ಅವರದೇ ವಿಷಯ, ಅವರದೇ ತಯಾರಿ, ಅದನ್ನು ಹೇಳಲೇಬೇಕು ಎಂಬ ಒತ್ತಡ. ಮಾತಿಗೆ ಹಿಂಜರಿಯುತ್ತಿದ್ದುದರಿಂದಲೇ ಪದಗಳನ್ನು ಹಿಡಿದು ಬಳಸುವುದು ರೂಢಿಯಾಯಿತು ಎಂದೂ ಮುಂದೆ ಬರೆದುಕೊಂಡರು.

ನಮ್ಮ ಕಾಲದ, ನಮ್ಮ ಬೆಂಗಳೂರಿನ ಉದಾಹರಣೆ ಬೇಕೆಂದರೆ ರಾಹುಲ್ ದ್ರಾವಿಡ್. ಮಿತಭಾಷಿ ಎಂದೇ ಹೆಸರಾದವರು. 2011ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಅವರು ಆಸ್ಟ್ರೇಲಿಯಾದ ದಿಗ್ಗಜ ಬ್ಯಾಟ್ಸ್‌ಮನ್ ಡಾನ್ ಬ್ರಾಡ್ಮನ್ ಹೆಸರಿನ ಬ್ರಾಡ್ಮನ್ ಉಪನ್ಯಾಸ ಕೊಟ್ಟರು. ಆಸ್ಟ್ರೇಲಿಯಾದವರಲ್ಲದ ಕ್ರಿಕೆಟಿಗರೊಬ್ಬರಿಗೆ ಆ ಅವಕಾಶ ಸಿಕ್ಕಿದ್ದು ಅದೇ ಮೊದಲು. ಬೇರೆ ಯಾರೇ ಆಗಿದ್ದರೂ ಸ್ಲೆಡ್ಜಿಂಗ್ (ಮೈದಾನದಲ್ಲಿ ಎದುರಾಳಿಯನ್ನು ಮಾತಲ್ಲಿ ಕೆಣಕುವುದು) ಕಥೆಗಳಿಂದ ಸಭೆಯನ್ನು ನಗಿಸುತ್ತಿದ್ದರೇನೋ. ದ್ರಾವಿಡ್ ತಾವು ನಿಂತ ಜಾಗವನ್ನು ನೋಡಿದರು. ಭಾರತ, ಆಸ್ಟ್ರೇಲಿಯಾ ಮೈದಾನದಲ್ಲಿ ಎದುರಾಳಿಗಳಾಗುವ ಮುಂಚೆಯೇ ಎರಡೂ ಕಡೆಯ ಸೈನಿಕರು ಮಹಾಯುದ್ಧಗಳಲ್ಲಿ ಒಂದೇ ಪಕ್ಷದಲ್ಲಿ ಹೋರಾಡಿದ್ದರು ಎಂಬ ಮಾತಿನಿಂದ ಶುರು ಮಾಡಿದರು. ಯುದ್ಧ ಸ್ಮಾರಕದಲ್ಲಿ ಕೂತವರಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಏನಿದೆ?

ಅದೇ ಭಾಷಣದಲ್ಲಿ ಅಂಡರ್-19 ದಿನಗಳ ಒಂದು ಕಥೆ ಬರುತ್ತದೆ. ತಂಡದ ಇಬ್ಬರು ಬೌಲರ್‌ಗಳು. ಒಬ್ಬರು ಉತ್ತರ ಪ್ರದೇಶದವರು, ಹಿಂದಿ ಬಿಟ್ಟು ಬೇರೆ ಬರುವುದಿಲ್ಲ. ಇನ್ನೊಬ್ಬರು ಕೇರಳದವರು, ಮಲಯಾಳಂ ಮಾತ್ರ. ಇಬ್ಬರೂ ಜೊತೆಯಾಗಿ ಬ್ಯಾಟ್ ಮಾಡಬೇಕಾಗಿ ಬಂತು. ರನ್ನಿಗೆ ಕರೆಯುವುದು ಹೇಗೆ ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ನಗು. ಅವರಿಬ್ಬರೂ ನೂರು ರನ್ನಿನ ಜೊತೆಯಾಟ ಆಡಿಬಿಟ್ಟರು. ಭಾರತದ ಕ್ರಿಕೆಟ್ ಎಂದರೇನು ಎಂದು ವಿವರಿಸಲು ಹತ್ತು ಪುಟ ಬೇಕಿಲ್ಲ, ಈ ಒಂದು ಕಥೆ ಸಾಕು. ಸುತ್ತ ನಡೆದದ್ದನ್ನು ಕಣ್ಣಿಟ್ಟು ನೋಡಿ, ವರ್ಷಗಟ್ಟಲೆ ಒಳಗೆ ಇಟ್ಟುಕೊಂಡವರಿಗೆ ಇಂಥವು ಸಿಗುತ್ತವೆ. ಮಾತು ಕಡಿಮೆ ಇರುವವರ ಜೋಳಿಗೆ ತುಂಬಿರುತ್ತದೆ. ಬಿಚ್ಚುವ ಅಭ್ಯಾಸ ಇರುವುದಿಲ್ಲ, ಅಷ್ಟೆ.

ಇನ್ನು ಮೈಯೊಳಗಿನ ಮಾತು. ಹ್ಯಾನ್ಸ್ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಒಂದು ವಾದ ಮುಂದಿಟ್ಟರು. ಅಂತರ್ಮುಖಿಗಳ ಮೆದುಳು ಮೊದಲೇ ಚುರುಕಾಗಿ ಎಚ್ಚರವಾಗಿರುತ್ತದೆ, ಹಾಗಾಗಿ ಹೊರಗಿನ ಸ್ವಲ್ಪ ಗದ್ದಲವೂ ಅವರಿಗೆ ಜಾಸ್ತಿಯಾಗುತ್ತದೆ ಎಂದು. ನಾಲಿಗೆಗೆ ನಿಂಬೆ ರಸ ಬಿಟ್ಟು ನೋಡುವ ಪ್ರಯೋಗ ಆಗಲೇ ಪ್ರಸಿದ್ಧವಾಯಿತು. ಅಂತರ್ಮುಖಿಗಳ ಬಾಯಲ್ಲಿ ಸರಾಸರಿ ಜಾಸ್ತಿ ಜೊಲ್ಲು ಬಂತು. (ವೇದಿಕೆ ಹತ್ತಿದಾಗ ಮಾತ್ರ ಒಂದು ಹನಿಯೂ ಇರುವುದಿಲ್ಲ, ಅದು ಬೇರೆ ವಿಷಯ.) ಈ ವಾದ ಅಷ್ಟು ಸರಳವಾಗಿಲ್ಲ ಎಂದು ಆಮೇಲಿನವರು ತಿದ್ದಿದ್ದಾರೆ. ಆದರೂ ಒಂದು ಅಂಶ ನಮಗೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಎದೆ ಡವಡವ ಎನ್ನುವುದು ಮೈ ಕೆಲಸಕ್ಕೆ ಸಜ್ಜಾಗಿರುವುದರ ಗುರುತು. ಅದನ್ನು ‘ಹೆದರಿಕೆ’ ಎಂದು ಕರೆಯಬೇಕೋ ‘ಹುರುಪು’ ಎಂದು ಕರೆಯಬೇಕೋ ಎನ್ನುವುದು ಒಂದಿಷ್ಟು ನಮ್ಮ ಕೈಯಲ್ಲೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಕುದಿಯುವ ನೀರಿಗೆ ‘ತಣ್ಣಗಾಗು’ ಎಂದರೆ ಆಗುತ್ತದಾ? ಅದೇ ಬಿಸಿಯಲ್ಲಿ ಅಕ್ಕಿ ಬೇಯಿಸಿಕೊಂಡರಾಯಿತು.

ಇನ್ನೊಂದು ಅಧ್ಯಯನವನ್ನು ನಾನು ಪ್ರತಿ ಹೊಸ ತಂಡಕ್ಕೂ ತಪ್ಪದೆ ಹೇಳುತ್ತೇನೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬಿಬ್ಬರು 2003ರಲ್ಲಿ ಪ್ರಕಟಿಸಿದ್ದು. ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದು ನಮಗೆ ಅನಿಸುತ್ತದೆ. ಆದರೆ ಕೇಳುವವರಿಗೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ. ಈ ಸಂಗತಿಯನ್ನು ಮೊದಲೇ ತಿಳಿಸಿ ಕಳಿಸಿದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಬರೀ ತಿಳಿದದ್ದಕ್ಕೇ! ನೀವೂ ಈಗ ತಿಳಿದವರ ಸಾಲಿಗೆ ಸೇರಿದಿರಿ.

ತಾಳಮದ್ದಳೆ ನೋಡಿದ್ದೀರಾ? ಹಾವೇರಿ ಕಡೆ ಕಡಿಮೆ, ಕರಾವಳಿ ಮಲೆನಾಡಲ್ಲಿ ಜಾಸ್ತಿ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತು ಬರೀ ಮಾತಲ್ಲೇ ಕರ್ಣನನ್ನೋ ವಾಲಿಯನ್ನೋ ತಂದು ನಿಲ್ಲಿಸಬೇಕು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ನನಗೆ ಪರಿಚಯದ ಹಿರಿಯ ಅರ್ಥಧಾರಿಯೊಬ್ಬರು ಮನೆಯಲ್ಲಿ ‘ಹೂಂ’, ‘ಊಹೂಂ’ ಬಿಟ್ಟರೆ ಹೆಚ್ಚು ಮಾತಾಡುವವರಲ್ಲ. ‘ಅಲ್ಲಿ ಅಷ್ಟು ಮಾತು ಹೇಗೆ ಬರುತ್ತದೆ?’ ಎಂದು ಒಮ್ಮೆ ಕೇಳಿದೆ. ‘ಅಲ್ಲಿ ಮಾತಾಡುವುದು ನಾನಲ್ಲವಲ್ಲ, ಭೀಷ್ಮ’ ಎಂದರು. ಇದು ತಮಾಷೆಯ ಉತ್ತರ ಎಂದುಕೊಂಡಿದ್ದೆ. ಅವರು ಸರಿಯಾಗಿಯೇ ಹೇಳಿದ್ದರು. ಪಾತ್ರ ಸಿಕ್ಕರೆ ಸಂಕೋಚ ಹಿಂದೆ ಸರಿಯುತ್ತದೆ. ನಿಮಗೂ ಒಂದು ಪಾತ್ರ ಇದೆ. ಆ ದಿನ ನೀವು ಮೂಲೆ ಕುರ್ಚಿಯ ಹುಡುಗಿ ಅಲ್ಲ. ಹುಳು ಹೊಲಕ್ಕೆ ಬರುವ ಮುಂಚೆ ಅದರ ಸುದ್ದಿ ತಂದವರು.

ಈಗ ನೀವು ಕಳಿಸಿದ ಭಾಷಣ. ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಅಂತರ್ಮುಖಿಗಳ ಎಲ್ಲ ದೌರ್ಬಲ್ಯಗಳೂ ಇವೆ. 18 ಸ್ಲೈಡು. ಮೊದಲ ಸ್ಲೈಡಿನಲ್ಲೇ ಸ್ಪೊಡೊಪ್ಟೆರಾ ಫ್ರುಜಿಪರ್ಡಾ ಎಂಬ ವೈಜ್ಞಾನಿಕ ಹೆಸರು. ಆಮೇಲೆ ಹುಳದ ಮೂಲ ಅಮೆರಿಕ ಖಂಡ, 2016ರಲ್ಲಿ ಆಫ್ರಿಕಾಕ್ಕೆ ಬಂತು, 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಕರ್ನಾಟಕದಲ್ಲೇ ಎಂಬ ಚರಿತ್ರೆ. ಎಲ್ಲವೂ ಸರಿ. ತಪ್ಪು ಹೇಳಿಬಿಟ್ಟರೆ ಎಂಬ ಹೆದರಿಕೆಗೆ ಎಲ್ಲವನ್ನೂ ತುಂಬಿದ್ದೀರಿ. ಆದರೆ ಗೋವಿನಜೋಳ ಬಿತ್ತಲು ಕಾದಿರುವ ರೈತರಿಗೆ ಬೇಕಾದದ್ದು 11ನೇ ಸ್ಲೈಡಿನಲ್ಲಿ ಅಡಗಿ ಕೂತಿದೆ.

ಅಲ್ಲಿ ನೀವು ಬರೆದ ಸಾಲು ಇದು: ‘ಸುಳಿ ಬಿಡಿಸಿ ನೋಡಿದಾಗ ಮರದ ಪುಡಿಯಂಥ ಹಿಕ್ಕೆ, ಅದರ ಕೆಳಗೆ ಹುಳು. ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ತುದಿ ಹತ್ತಿರ ಚೌಕದಲ್ಲಿ ಇಟ್ಟಂತೆ ನಾಲ್ಕು ಚುಕ್ಕೆ. ಕಳೆದ ವರ್ಷ ಒಬ್ಬ ಅಜ್ಜ ಇದನ್ನು ನನಗಿಂತ ಮೊದಲು ಗುರುತಿಸಿದರು.’ ಇದೇ ನಿಮ್ಮ ಭಾಷಣ, ಮೇಡಂ! ಇಲ್ಲಿಂದ ಶುರು ಮಾಡಿ. ಮೇಜಿನ ಮೇಲೆ ನಾಲ್ಕು ಗೋವಿನಜೋಳದ ಗಿಡ ಇಡಿಸಿ. ಎಲ್ಲಾದರೂ ನೀರಾವರಿ ಹೊಲದಲ್ಲಿ ಹುಳು ಬಿದ್ದ ಗಿಡ ಸಿಕ್ಕರೆ ಇನ್ನೂ ಒಳ್ಳೆಯದು. ಮೈಕ್ ಹಿಡಿದು ಏನೂ ಹೇಳದೆ ಒಂದು ಸುಳಿಯನ್ನು ನಿಧಾನವಾಗಿ ಬಿಡಿಸಿ. 200 ಜನರೂ ಕತ್ತು ಉದ್ದ ಮಾಡುತ್ತಾರೆ. ಆಗ ಅಜ್ಜನ ಕಥೆ ಹೇಳಿ. ಆಮೇಲೆ ಮೂರೇ ಸಂಗತಿ: ಯಾವಾಗ ಹೊಲಕ್ಕೆ ಹೋಗಿ ನೋಡಬೇಕು, ಏನು ನೋಡಬೇಕು, ಔಷಧ ಸುಳಿಯೊಳಗೆ ಬೀಳುವಂತೆ ಹೊಡೆಯುವುದು ಹೇಗೆ. ವೈಜ್ಞಾನಿಕ ಹೆಸರು ಯಾರಾದರೂ ಕೇಳಿದರೆ ಹೇಳಿದರಾಯಿತು. ಯಾರೂ ಕೇಳುವುದಿಲ್ಲ.

ನೀವು ಸುಮ್ಮನೆ ನಿಂತು ಸುಳಿ ಬಿಡಿಸುವ ಆ ಹತ್ತು ಸೆಕೆಂಡು ಇದೆಯಲ್ಲ, ವಾಚಾಳಿಗಳ ಕೈಲಿ ಅದು ಆಗುವುದಿಲ್ಲ. ಖಾಲಿ ಜಾಗ ಕಂಡರೆ ಮಾತು ತುಂಬದೆ ಅವರಿಗೆ ತಡೆಯದು. ನಿಮಗೆ ಮೌನ ಹೊಸದಲ್ಲ.

ಬಾಯಿಪಾಠ ಮಾತ್ರ ಬೇಡವೇ ಬೇಡ. ನಾವು ಸುಮ್ಮನಿರುವ ಜನ ತಯಾರಿಯ ಹೆಸರಲ್ಲಿ ಬೀಳುವ ಹಳ್ಳ ಅದು. ಡಿಗ್ರಿ ಓದುವಾಗ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನಗೆ ವಂದನಾರ್ಪಣೆ ಕೊಟ್ಟಿದ್ದರು. ಮೂರು ದಿನ ಉರು ಹೊಡೆದೆ. ಮುಖ್ಯ ಅತಿಥಿಗಳ ಹೆಸರಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಹೆಸರು ಬರಲಿಲ್ಲ. ಕೊನೆಗೆ ಕೈ ತೋರಿಸಿ ‘ಮತ್ತು... ಇವರಿಗೂ’ ಎಂದೆ. ಸಭೆ ನಕ್ಕಿತು, ಅತಿಥಿಗಳೂ ನಕ್ಕರು. ನಾನೊಬ್ಬ ಎರಡು ವರ್ಷ ನಗಲಿಲ್ಲ. ಬಾಯಿಪಾಠ ಒಂದು ಸರಪಳಿ. ಒಂದು ಕೊಂಡಿ ಕಳಚಿದರೆ ಉಳಿದದ್ದೆಲ್ಲ ನೆಲಕ್ಕೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ, ಇಷ್ಟು ಗಟ್ಟಿ ಮಾಡಿಕೊಳ್ಳಿ. ನಡುವಿನದಕ್ಕೆ ಐದಾರು ಪದಗಳ ಗುರುತು ಸಾಕು. ಅದನ್ನು ತೆಳು ಹಾಳೆಯಲ್ಲಿ ಬರೆಯಬೇಡಿ, ಕೈ ನಡುಗಿದರೆ ಪಟಪಟ ಸದ್ದು ಬರುತ್ತದೆ. ಹಳೆ ಲಗ್ನಪತ್ರಿಕೆಯ ಹಿಂಭಾಗ ಗಟ್ಟಿಯಾಗಿರುತ್ತದೆ.

ದನಿಯ ಬಗ್ಗೆ ಒಂದು ಮಾತು. ಮೆಲ್ಲಗೆ ಮಾತಾಡುವವರು ಮೈಕ್ ದೂರ ಇಟ್ಟು ಇನ್ನೂ ಮೆಲ್ಲಗಾಗುತ್ತಾರೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಮೈಕ್‌ನವರನ್ನು ಪರಿಚಯ ಮಾಡಿಕೊಳ್ಳಿ. ಒಂದೆರಡು ವಾಕ್ಯ ಹೇಳಿ ನೋಡಿ, ಕೊನೆಯ ಸಾಲಿಗೆ ಕೇಳುತ್ತದಾ ಎಂದು ವಿಚಾರಿಸಿ. ಬೇಗ ಬಂದು ಕೂತ ನಾಲ್ಕೈದು ರೈತರ ಹತ್ತಿರ ‘ಯಾವೂರು, ಎಷ್ಟು ಎಕರೆ’ ಎಂದು ಕೇಳಿ. ಆಮೇಲೆ 200 ಅಪರಿಚಿತ ಮುಖಗಳ ನಡುವೆ ಈ ನಾಲ್ಕು ಮುಖ ಹುಡುಕಿಕೊಂಡು ಮಾತಾಡಿ. ಮೊದಲ ಒಂದೆರಡು ನಿಮಿಷ ಎದೆಬಡಿತ ಜೋರಾಗಿರುತ್ತದೆ. ಸಾಮಾನ್ಯವಾಗಿ ಅದು ತಾನಾಗಿ ಇಳಿಯುತ್ತದೆ, ಏನೂ ಮಾಡಬೇಕಿಲ್ಲ.

ಪ್ರಶ್ನೆಗಳ ಸಮಯ ನಿಮಗೆ ಕಷ್ಟವಾಗಬಹುದು. ಅದು ಮುಂಬೈ ಕೋರ್ಟಿನಂಥದ್ದು, ತಕ್ಷಣದ ಮಾತು. ನಿಮ್ಮ ಕೇಂದ್ರಕ್ಕೆ ದಿನವೂ ಬರುವ ಪ್ರಶ್ನೆಗಳಲ್ಲಿ ಹತ್ತನ್ನು ಮೊದಲೇ ಬರೆದು ಉತ್ತರ ಹೇಳಿ ಅಭ್ಯಾಸ ಮಾಡಿ. ಗೊತ್ತಿಲ್ಲದ್ದು ಬಂದರೆ ‘ನೋಡಿ ಹೇಳ್ತೀನಿ, ನಂಬರ್ ಕೊಡ್ರಿ’ ಎನ್ನಿ, ಮತ್ತೆ ನಿಜವಾಗಿ ಫೋನ್ ಮಾಡಿ. ಯಾರಾದರೂ ಜಗಳಕ್ಕೆ ನಿಂತರೆ, ಹೋದ ವರ್ಷದ ಬೆಳೆವಿಮೆ ದುಡ್ಡಿನ ಮಾತು ತೆಗೆದರೆ, ಅಲ್ಲಿ ನಿಮ್ಮ ಆ ಸಹೋದ್ಯೋಗಿಗೆ ಮೈಕ್ ಕೊಡಿ. ಅದು ಅವರ ಮೈದಾನ ಎಂದೆನಲ್ಲ.

ಕೊನೆಯದಾಗಿ, ಭಾಷಣ ಮುಗಿದ ಮೇಲಿನ ಸುಸ್ತು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ಬ್ರಯಾನ್ ಲಿಟಲ್ ಅದ್ಭುತ ಪಾಠ ಹೇಳುವವರೆಂದು ಹೆಸರಾದವರು, ಅಪ್ಪಟ ಅಂತರ್ಮುಖಿ. ಒಂದು ಮಿಲಿಟರಿ ಕಾಲೇಜಿಗೆ ಉಪನ್ಯಾಸಕ್ಕೆ ಹೋದಾಗ, ಭಾಷಣವಾದ ಮೇಲೆ ಎಲ್ಲರೂ ಊಟಕ್ಕೆ ಕರೆದರೆ, ‘ನನಗೆ ಇಲ್ಲಿನ ನದಿಯ ದೋಣಿಗಳನ್ನು ನೋಡುವ ಆಸೆ’ ಎಂದು ಹೇಳಿ ಒಬ್ಬರೇ ದಡದಲ್ಲಿ ಓಡಾಡುತ್ತಿದ್ದರಂತೆ. ಮುಂದೆ ಕಾಲೇಜು ನದಿ ಇಲ್ಲದ ಜಾಗಕ್ಕೆ ಹೋಯಿತು. ಆಮೇಲೆ ಅವರು ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಟಾಯ್ಲೆಟ್ಟಿನಲ್ಲಿ! ಅವರೇ ನಗುತ್ತ ಹೇಳಿಕೊಂಡ ಕಥೆ ಇದು. ನಮ್ಮ ಸ್ವಭಾವಕ್ಕೆ ಹೊರತಾದದ್ದನ್ನು ಇಷ್ಟದ ಕೆಲಸಕ್ಕಾಗಿ ಸ್ವಲ್ಪ ಹೊತ್ತು ಮಾಡಬಹುದು, ಆಮೇಲೆ ನಮ್ಮ ಗೂಡಿಗೆ ಮರಳಲು ಬಿಡುವು ಬೇಕು ಎನ್ನುವುದು ಅವರ ಸಿದ್ಧಾಂತ.

ನಿಮ್ಮ ಭಾಷಣ ಮುಗಿದ ಕೂಡಲೇ ಹತ್ತು ಹದಿನೈದು ಜನ ಸುತ್ತ ನೆರೆಯುತ್ತಾರೆ. ಆ ಗಿಡಗಳನ್ನು ಎತ್ತಿಡಬೇಡಿ. ಎಲ್ಲರೂ ಗಿಡ ನೋಡುತ್ತ ಮಾತಾಡಿದರೆ ನಿಮ್ಮ ಮುಖದ ಮೇಲೆ ಅಷ್ಟು ಕಣ್ಣು ಬೀಳುವುದಿಲ್ಲ. ಅದಾದ ಮೇಲೆ ಊಟದ ಪಂಕ್ತಿಗೆ ಕಾಲು ಗಂಟೆ ತಡವಾಗಿ ಹೋದರೂ ನಡೆಯುತ್ತದೆ. ಇಲಾಖೆಯ ಜೀಪನ್ನು ನೆರಳಲ್ಲಿ ನಿಲ್ಲಿಸಿ, ಬಾಗಿಲು ಲಾಕ್ ಮಾಡದೆ ಇಡಲು ಡ್ರೈವರ್‌ಗೆ ಬೆಳಗ್ಗೆಯೇ ಹೇಳಿಟ್ಟಿರಿ.